ಲೈಟು ಬೋಟಿನ ಖಲಾಸಿ

ಮೀನಿಗೆ ಗಾಳ ಹಾಕುವ ಕಾಲ ಹೋಯಿತು.
ನಾವು ಬೆಳಕು ಹಾಕುತ್ತಿದ್ದೆವು.
ಅಮಾವಾಸ್ಯೆಯ ಆಸುಪಾಸು, ಹದಿನೆಂಟು ಮಾರು ನೀರಿನಲ್ಲಿ
ಜನರೇಟರು ಗುರ್ರೆಂದರೆ ಸಾಕು,
ಕಡಲಿನೊಳಗೊಂದು ಸುಳ್ಳು ಹುಣ್ಣಿಮೆ.
ಬಂಗುಡೆಗಳು ಬರುತ್ತಿದ್ದವು, ಮದುವೆಮನೆಗೆ ಬಂದಂತೆ,
ಒಂದರ ಬೆನ್ನಿಗೆ ಒಂದು, ಯಾರೂ ನೂಕದೆ.
ಕಾನೂನು ಬೇಡವೆಂದಿತ್ತು. ಹೊಟ್ಟೆ ಬೇಕೆಂದಿತ್ತು.
ಬಲ್ಬು ಹಿಡಿಯುವ ಕೆಲಸ ನನ್ನದು,
ರೋಹಿದಾಸ ಬಾನಾವಳಿ, ಬೈತಖೋಲ.

ಇಷ್ಟು ಬಲ್ಲವನು ನಾನು.
ಆದರೂ.

ಜೂನ್. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಹಗ್ಗ ಬಿಗಿದುಕೊಂಡು
ಮಳೆಗೆ ಬೆನ್ನು ಕೊಟ್ಟು ನಿಂತಿದ್ದವು.
ಅರವತ್ತೊಂದು ದಿನ ಕಡಲಿಗೆ ರಜೆ, ದುಡಿಮೆಗೂ.
ಹರಿದ ಬಲೆಯ ಕಣ್ಣು ಹೆಣೆಯುತ್ತಿದ್ದೆ, ಮೊಬೈಲು ಮಿನುಗಿತು:
ಮೀನುಗಾರರ ಪರಿಹಾರದ ಹಣ ಬ್ಯಾಂಕಿನಲ್ಲಿ ತಡೆದಿದೆ,
ಇಂದು ಸಂಜೆಯೊಳಗೆ ಇಲ್ಲಿ ಒತ್ತಿ.
ನೀಲಿ ಅಕ್ಷರ. ಬ್ಯಾಂಕಿನದೇ ಗುರುತು, ಬ್ಯಾಂಕಿನದೇ ಬಣ್ಣ;
ಹೆಸರಿನಲ್ಲಿ ಒಂದಕ್ಷರ ಮಾತ್ರ ಬೇರೆ,
ಕಲ್ಲುಸಂದಿಯ ಏಡಿಯ ಹಾಗೆ ಕಾಲು ಮಡಚಿಕೊಂಡು ಕೂತಿತ್ತು.
ನನಗೆ ಕಾಣಲಿಲ್ಲ.

ಒತ್ತಿದೆ. ಕಾರ್ಡಿನ ನಂಬರು ಕೇಳಿತು, ಬರೆದೆ.
ಹಿಂದಿನ ಮೂರಂಕಿ ಕೇಳಿತು, ಬರೆದೆ.
ಆಮೇಲೆ ಫೋನು. ಎಂಥ ಕನ್ನಡ! ಬೆಣ್ಣೆ ಸವರಿದ್ದು.
"ಸರ್, ಈಗೊಂದು ಓಟಿಪಿ ಬಂದಿರುತ್ತೆ, ಸ್ವಲ್ಪ ಓದ್ತೀರಾ ಸರ್?"
ನಲವತ್ತೊಂಬತ್ತು ವರ್ಷದಲ್ಲಿ ನನ್ನನ್ನು
ಯಾರೂ ಸರ್ ಅಂದಿರಲಿಲ್ಲ.
ಯಾರಿಗೂ ಹೇಳಬೇಡಿ ಎಂದು ಆ ಮೆಸೇಜಿನಲ್ಲೇ ಬರೆದಿತ್ತು.
ಓದಿದೆ. ಆರೂ ಅಂಕಿ,
ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನ ಹಾಗೆ
ಎದ್ದು ನಿಂತು ಓದಿದೆ.

ಮೂವತ್ತೆಂಟು ಸಾವಿರದ ನಾಲ್ಕುನೂರು.

ಶೆವಂತಿ ಮಾರ್ಕೆಟಿನಿಂದ ಬಂದವಳು ಬುಟ್ಟಿ ಇಳಿಸಲಿಲ್ಲ.
ಬೈಯಲೂ ಇಲ್ಲ. ಬೈಯುವುದಕ್ಕೆ ರಾತ್ರಿ ಇದೆ ಅಂದಳು.
ಒಂದು ಒಂಬತ್ತು ಮೂರು ಸೊನ್ನೆ ಒತ್ತಿದಳು ಮೊದಲು,
ಆಮೇಲೆ ಬ್ಯಾಂಕಿಗೆ. ಮೆಸೇಜಿನಲ್ಲಿದ್ದ ನಂಬರಿಗಲ್ಲ,
ಪಾಸ್‌ಬುಕ್ಕಿನ ಬೆನ್ನಿಗೆ ಅಚ್ಚಾಗಿದ್ದ ನಂಬರಿಗೆ.
ಕಾರ್ಡು ಮುಚ್ಚಿಸಿದಳು. ಹನ್ನೊಂದು ಸಾವಿರ
ದಾರಿಯಲ್ಲೆಲ್ಲೋ ಸಿಕ್ಕಿಬಿತ್ತು, ಬಲೆಯ ಮೂಲೆಯಲ್ಲುಳಿದ ಮೀನಿನಂತೆ.
ಉಳಿದದ್ದು ಈಜಿ ಹೋಯಿತು.

"ಮೂವತ್ತು ವರ್ಷ ಮೀನು ಮಾರಿದ್ದೇನೆ," ಅಂದಳು ರಾತ್ರಿ,
"ಹೊಳಪು ನೋಡಿ ಕೊಳ್ಳುವವರು ಮೊನ್ನೆಯ ಮೀನು ಒಯ್ಯುತ್ತಾರೆ.
ನೀರು ಚಿಮುಕಿಸಿದರೆ ಕೊಳೆತದ್ದೂ ಹೊಳೆಯುತ್ತದೆ.
ಕಿವಿರು ಎತ್ತಿ ನೋಡಬೇಕು.
ಬೇಗ ಬೇಗ ಎಂದು ಅವಸರ ಮಾಡುವವಳು
(ನಾನೂ ಮಾಡಿದ್ದೇನೆ, ಸುಳ್ಳೇಕೆ)
ಏನನ್ನೋ ಮುಚ್ಚುತ್ತಿರುತ್ತಾಳೆ."

ನಾಲ್ಕನೇ ದಿನ ಮತ್ತೆ ಬಂತು ಫೋನು.
ಕಳೆದ ಹಣ ವಾಪಸು ಕೊಡಿಸುತ್ತಾರಂತೆ, ಸಣ್ಣ ಫೀಸಂತೆ.
ಅವಳೇ ಎತ್ತಿದಳು: "ಮೊದಲು ಕಿವಿರು ತೋರಿಸು ಮಗನೇ."
ಆ ಕಡೆ ಒಂದು ಗಳಿಗೆ ಮೌನ.
ಯಾವ ಊರಿನ ಹುಡುಗನೋ, ಉಂಡಿದ್ದನೋ ಇಲ್ಲವೋ.
ಇಟ್ಟುಬಿಟ್ಟ.

ನಿದ್ದೆ ಬಾರದೆ ಹೊರಗೆ ಕೂತಿದ್ದೆ.
ಮಳೆಯಾಚೆ ದೇವಗಡದ ದೀಪ ತಿರುಗುತ್ತಿತ್ತು.
ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ಅದು ಯಾರನ್ನೂ
ಹತ್ತಿರ ಕರೆದದ್ದಿಲ್ಲ. ಹೆಸರು ಕೇಳಿಲ್ಲ. ಸಂಜೆಯೊಳಗೆ ಎಂದಿಲ್ಲ.
ಇಲ್ಲಿ ಕಲ್ಲಿದೆ, ದೂರ ಹೋಗು. ಅಷ್ಟೇ ಅದರ ಮಾತು.
ನಮ್ಮ ಬಲ್ಬು ಮಾತ್ರ ಬಾ ಬಾ ಎನ್ನುತ್ತಿತ್ತು.
ಬಂಗುಡೆಗಳಿಗೂ
ಅದು ಸರ್ ಎಂದಿತ್ತೇನೋ.

ಆಗಸ್ಟಿನಲ್ಲಿ ಹಗ್ಗ ಬಿಚ್ಚಿದೆವು. ತಾಂಡೇಲ ಕೇಳಿದ:
"ಏನು ರೋಹಿದಾಸ, ಲೈಟು ಕಟ್ಟೋಣವಾ?"
ಬಲ್ಬು ನನ್ನ ಕೈಯಲ್ಲೇ ಇತ್ತು, ಇನ್ನೂ ತಣ್ಣಗೆ.
ಒರೆಸುತ್ತಾ ನಿಂತೆ.